ಉದ್ಯೋಗದ ಕಾಲಂನಲ್ಲಿ ‘ಇಲ್ಲ’ ಎಂದು ಬರೆದವನ ಪತ್ರ

ಭಾರತದ ರಿಜಿಸ್ಟ್ರಾರ್ ಜನರಲ್ ಮತ್ತು ಜನಗಣತಿ ಆಯುಕ್ತರಿಗೆ, ಹಾಗೂ ಮುಂಬಯಿಯ ಕನ್ನಡ ಬಂಧುಗಳಿಗೆ,

ಮಾನ್ಯರೇ,

2025ರ ಶ್ರಾವಣದ ಒಂದು ಬೆಳಗಿನ ಜಾವ ನನ್ನ ಹೆಂಡತಿ ಡೊಂಬಿವಲಿಯ ನಮ್ಮ ಮನೆಯಲ್ಲಿಯೇ, ನಿದ್ದೆಯಲ್ಲಿ ತೀರಿಕೊಂಡಳು. ಅವಳಿಗೆ 70 ವರ್ಷ. ನಮ್ಮ ಮದುವೆಯಾಗಿ 51 ವರ್ಷಗಳಾಗಿದ್ದವು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನಗಳೊಳಗೆ ಮರಣವನ್ನು ವರದಿ ಮಾಡಬೇಕಾದ್ದರಿಂದ, ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಡಾಕ್ಟರರು ಕೊಟ್ಟ ಪ್ರಮಾಣಪತ್ರವನ್ನೂ ಸ್ಮಶಾನದ ರಶೀದಿಯನ್ನೂ ಹಿಡಿದುಕೊಂಡು ಮಗನೊಂದಿಗೆ ವಾರ್ಡಿನ ನೋಂದಣಿ ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗಿ ನನ್ನನ್ನು ಕೂರಿಸಿ, ನೀರು ಕೊಟ್ಟು, ನಮೂನೆಯನ್ನು ಮುಂದಿಟ್ಟಳು. ಮಗ ತುಂಬುತ್ತೇನೆಂದರೂ ನಾನು ಕೇಳಲಿಲ್ಲ. ಅವಳಿಗಾಗಿ ನಾನು ಮಾಡಬಹುದಾದ ಕೊನೆಯ ಬರವಣಿಗೆ ಅದು ಎಂದು ನನಗೆ ಅನ್ನಿಸಿತ್ತು.

ಹೆಸರು, ತಂದೆಯ ಹೆಸರು, ಗಂಡನ ಹೆಸರು, ವಿಳಾಸ, ಎಲ್ಲವೂ ಸರಾಗವಾಗಿ ಸಾಗಿತು. ಆಮೇಲೆ ಮೃತರ ಉದ್ಯೋಗವೇನೆಂದು ಕೇಳುವ ಸಾಲು ಬಂತು. ಉದ್ಯೋಗವಿಲ್ಲದಿದ್ದರೆ ‘ಇಲ್ಲ’ ಎಂದು ಬರೆಯಬೇಕೆಂಬ ಸೂಚನೆ ಅದರ ಪಕ್ಕದಲ್ಲಿಯೇ ಇತ್ತು. ಹೆಚ್ಚು ಯೋಚಿಸದೆ, ನಮೂನೆ ಮರಾಠಿಯಲ್ಲಿದ್ದುದರಿಂದ, ‘ನಾಹೀ’ ಎಂದು ಬರೆದೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಕೈ ತಾನಾಗಿ ಬರೆಯಿತು.

ಅದೇ ನಮೂನೆಯಲ್ಲಿ ಮುಂದೆ ಕೆಲವು ಪ್ರಶ್ನೆಗಳಿದ್ದವು. ಮೃತರು ಧೂಮಪಾನ ಮಾಡುತ್ತಿದ್ದರೆ ಎಷ್ಟು ವರ್ಷಗಳಿಂದ, ತಂಬಾಕು ಅಗಿಯುತ್ತಿದ್ದರೆ ಎಷ್ಟು ವರ್ಷಗಳಿಂದ, ಅಡಿಕೆ ಅಗಿಯುತ್ತಿದ್ದರೆ ಎಷ್ಟು ವರ್ಷಗಳಿಂದ, ಮದ್ಯ ಸೇವಿಸುತ್ತಿದ್ದರೆ ಎಷ್ಟು ವರ್ಷಗಳಿಂದ. ಮಧ್ಯಾಹ್ನದ ಊಟವಾದ ಮೇಲೆ ಒಂದೇ ಒಂದು ಎಲೆಯಡಿಕೆ ಹಾಕಿಕೊಳ್ಳುವ ಅಭ್ಯಾಸ ಅವಳಿಗಿತ್ತು. ಪ್ರಾಮಾಣಿಕವಾಗಿ ಉತ್ತರಿಸಬೇಕೆಂದು ‘ಅಡಿಕೆ, 30 ವರ್ಷ’ ಎಂದು ಬರೆದು ಸಹಿ ಹಾಕಿದೆ. ರಾತ್ರಿ ಮನೆಯಲ್ಲಿ ಒಬ್ಬನೇ ಕೂತಾಗ ನಾನು ಬರೆದುಕೊಟ್ಟದ್ದರ ಅರ್ಥ ಹೊಳೆಯಿತು. ಸರಕಾರದ ಲೆಕ್ಕದಲ್ಲಿ ನನ್ನ ಹೆಂಡತಿ ಎಂದರೆ 30 ವರ್ಷ ಅಡಿಕೆ ಅಗಿದ, ಬೇರೇನೂ ಮಾಡದ ಒಬ್ಬ ಹೆಂಗಸು.

ಮನೆಗೆ ಬಂದ ಮರಣ ಪ್ರಮಾಣಪತ್ರದಲ್ಲಿ ಉದ್ಯೋಗದ ಪ್ರಸ್ತಾಪವಿಲ್ಲ. ಆ ವಿವರ ಅಂಕಿಅಂಶಕ್ಕೆಂದು ಮೀಸಲಾದ ಭಾಗದೊಂದಿಗೆ ಬೇರೆಯಾಗಿ ಮೇಲಕ್ಕೆ ಹೋಗುತ್ತದೆ. ಹಾಗೆ ಮೇಲಕ್ಕೆ ಹೋದದ್ದು ಕೊನೆಗೆ ಸೇರುವ ಜಾಗ ತಮ್ಮದು. ಹತ್ತು ವರ್ಷಕ್ಕೊಮ್ಮೆ ಮನೆಮನೆಗೆ ಬಂದು ಜನರನ್ನು ಎಣಿಸುವ ಹೊಣೆಯೂ ತಮ್ಮದೇ. ಆದ್ದರಿಂದ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ. ನಾನು ಕೊಟ್ಟ ಮಾಹಿತಿ ತಪ್ಪು. ಸರಿಯಾದ ಮಾಹಿತಿ ಒಂದು ಸಾಲಿನಲ್ಲಿ ಹಿಡಿಯುವುದಿಲ್ಲವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕುಂದಾಪುರದ ಕಡೆಯ ನಮ್ಮ ತಲೆಮಾರಿನಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯುವ ರೂಢಿಯಿರಲಿಲ್ಲ. 51 ವರ್ಷ ಅವಳು ನನ್ನನ್ನು ‘ಹ್ವಾಯ್, ಇಲ್ಕಾಣಿ’ ಎಂದು ಕರೆದಳು. ನಾನು ಅವಳನ್ನು ‘ಇಲ್ಕಾಣ್’ ಎಂದೆ. ಪರೇಲಿನ ಚಾಳಿನವರಿಗೆ ಅವಳು ‘ಕಾನಡೀ ವಹಿನಿ’ (ಕನ್ನಡದ ಅತ್ತಿಗೆ), ನಮ್ಮಲ್ಲಿ ಉಂಡ ಹುಡುಗರಿಗೆ ‘ಅಕ್ಕ’, ಮಗಳ ಮಕ್ಕಳಿಗೆ ‘ಅಮ್ಮಮ್ಮ’. ರೇಷನ್ ಕಾರ್ಡು, ಮಕ್ಕಳ ಶಾಲೆಯ ಅರ್ಜಿ, ಬ್ಯಾಂಕಿನ ಖಾತೆ ಇಂಥವನ್ನು ಬಿಟ್ಟರೆ ನಾನು ಅವಳ ಹೆಸರನ್ನು ಪೂರ್ತಿಯಾಗಿ ಬರೆದ ಸಂದರ್ಭಗಳು ಬೆರಳಿನಲ್ಲಿ ಎಣಿಸುವಷ್ಟು.

1974ರಲ್ಲಿ, 19 ವರ್ಷದವಳಾಗಿ, ಅವಳು ಮದುವೆಯಾಗಿ ಮುಂಬಯಿಗೆ ಬಂದಳು. ಕೊಂಕಣ ರೈಲು ಇನ್ನೂ ಬಂದಿರದ ಕಾಲ. ಘಟ್ಟ ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆಯ ಮೇಲೆ ಸುತ್ತಿ ಬರುವ ಬಸ್ಸಿನಲ್ಲಿ ಹಗಲು ರಾತ್ರಿ ಕೂತು, ಕಾಲು ಊದಿಸಿಕೊಂಡು ಇಳಿದಳು. ನಾನು 14ನೆಯ ವಯಸ್ಸಿಗೆ ಊರು ಬಿಟ್ಟು ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಎಸ್ಸೆಸ್ಸಿ ಮುಗಿಸಿ, ಬಲ್ಲಾರ್ಡ್ ಎಸ್ಟೇಟಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನ್ನಂಥ ಸಾವಿರಾರು ಹುಡುಗರನ್ನು ಮುಂಬಯಿಯ ರಾತ್ರಿಶಾಲೆಗಳು ಮನುಷ್ಯರನ್ನಾಗಿ ಮಾಡಿವೆ. ಆ ಕಥೆಯನ್ನು ನಮ್ಮವರು ವೇದಿಕೆಗಳ ಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದೇವೆ. ಆ ಹುಡುಗರಿಗೆ ರಾತ್ರಿ ಹನ್ನೊಂದಕ್ಕೆ ಯಾರು ಅನ್ನ ಬಡಿಸುತ್ತಿದ್ದರು ಎಂಬುದನ್ನು ಮಾತ್ರ ಅಷ್ಟಾಗಿ ಹೇಳಿಲ್ಲ.

ನಮ್ಮ ಖೋಲಿ ಇದ್ದದ್ದು ಲೋವರ್ ಪರೇಲಿನ ಗಿರಣಿಗಳ ನಡುವಿನ ಚಾಳಿನ ಮೂರನೆಯ ಮಾಳಿಗೆಯಲ್ಲಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ನಲ್ಲಿ ಕೆಳಗಿನ ಅಂಗಳದಲ್ಲಿ. ನೀರು ಬೆಳಗಿನ ನಾಲ್ಕಕ್ಕೆ ಬಂದು ಐದೂವರೆಗೆ ನಿಲ್ಲುತ್ತಿತ್ತು. ಊರಿನಲ್ಲಿ ಮನೆಯ ಹಿಂದೆಯೇ ಬಾವಿಯಿದ್ದ ಹುಡುಗಿ, ಬಂದ ಮೂರನೆಯ ದಿನದಿಂದ ಮೂರೂವರೆಗೆ ಎದ್ದು ಎರಡು ಹಂಡೆ ಮೂರು ಕೊಡಗಳನ್ನು ಸಾಲಿನಲ್ಲಿಟ್ಟು, ಮರದ ಮೆಟ್ಟಿಲುಗಳ ಮೇಲೆ ಎಂಟು ಹತ್ತು ಸಲ ಹತ್ತಿಳಿದು ದಿನದ ನೀರು ತುಂಬಿಸುತ್ತಿದ್ದಳು. ಮಗಳನ್ನು ಹೊತ್ತ ಏಳನೆಯ ತಿಂಗಳಿನವರೆಗೂ ಅದು ನಿಲ್ಲಲಿಲ್ಲ. ನಾನು ಆಗ ಮಲಗಿರುತ್ತಿದ್ದೆ. ನನಗೆ ಎಂಟು ನಲವತ್ತರ ಲೋಕಲ್ ಹಿಡಿಯಬೇಕಿತ್ತು ಎಂಬುದು ಆಗ ಒಂದು ಕಾರಣವಾಗಿ ನನಗೂ ಅವಳಿಗೂ ಸಾಕಾಗುತ್ತಿತ್ತು. ಈಗ ಸಾಕಾಗುವುದಿಲ್ಲ.

ಎರಡು ವರ್ಷಗಳ ಬಳಿಕ, ಊರ ಕಡೆಯ ಇಬ್ಬರು ಹೋಟೆಲ್ ಹುಡುಗರು ಜ್ವರ ಬಂದು ನಮ್ಮಲ್ಲಿ ನಾಲ್ಕು ದಿನ ಗಂಜಿ ಉಂಡು ಹೋದರು. ಗುಣವಾದ ಮೇಲೆ ಅವರೇ ಬಂದು, ತಿಂಗಳಿಗೆ ಇಷ್ಟೆಂದು ಕೊಡುತ್ತೇವೆ, ರಾತ್ರಿಯ ಊಟ ಇಲ್ಲಿಯೇ ಆಗಬಹುದೇ ಎಂದು ಕೇಳಿದರು. ಹೀಗೆ ಖಾನಾವಳಿ ಶುರುವಾಯಿತು. ಆರು ತಿಂಗಳಲ್ಲಿ ಉಣ್ಣುವವರು ಏಳು ಜನರಾದರು. ಹೋಟೆಲಿನವರು, ರಾತ್ರಿಶಾಲೆಗೆ ಹೋಗುವವರು, ಬಂದರಿನಲ್ಲಿ ದುಡಿಯುವ ಒಬ್ಬ. ಒಂದು ಸೀಮೆಎಣ್ಣೆ ಸ್ಟವ್, ಒಂದು ಇದ್ದಿಲಿನ ಶಿಗಡಿ ಒಲೆ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಒಂದು ಪಲ್ಯ, ಭಾನುವಾರ ಮೀನು. ಕುಚ್ಚಲಕ್ಕಿಗೂ ಮಂಗಳೂರು ಸೌತೆಗೂ ಅವಳೇ ಮಾಟುಂಗಾಕ್ಕೆ ಹೋಗುತ್ತಿದ್ದಳು. ಬರುವಾಗ ಬಸ್ಸಿನ ನಾಲ್ಕಾಣೆ ಉಳಿಸಲು ಚೀಲ ಹೊತ್ತು ನಡೆದು ಬರುತ್ತಿದ್ದಳೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅವಳ ಮಂಡಿಗಳಿಗೆ ಚಿಕಿತ್ಸೆ ನಡೆಯುವಾಗ.

ಖೋಲಿ ಚಿಕ್ಕದಾದ್ದರಿಂದ ಹುಡುಗರು ಎರಡು ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಎರಡನೆಯ ಪಂಕ್ತಿ ಮುಗಿದು ಪಾತ್ರೆ ತೊಳೆದಾಗ ಹನ್ನೊಂದೂವರೆ. ಊಟವಾದ ಮೇಲೆ ಅಕ್ಷರ ಬಾರದ ಒಬ್ಬಿಬ್ಬರು ಹಿಂದೆ ಉಳಿಯುವರು. ಏಳನೆಯ ತರಗತಿಯವರೆಗೆ ಓದಿದ್ದ ಅವಳು ಅವರ ಪರವಾಗಿ ಅಂತರ್ದೇಶೀಯ ಪತ್ರದಲ್ಲಿ ಅಮ್ಮನಿಗೊಂದು ಕಾಗದ ಬರೆದುಕೊಡುವಳು, ಬಂದ ಕಾಗದವನ್ನು ಓದಿ ಹೇಳುವಳು. ಓದುವಾಗ ಕೆಟ್ಟ ಸುದ್ದಿ ಇದ್ದರೆ ಮೊದಲು ಕಣ್ಣಿನಲ್ಲೇ ಓದಿಕೊಂಡು, ಹುಡುಗ ಉಂಡಾಗಿದೆಯೇ ಎಂದು ನೋಡಿ, ಉಂಡಿರದಿದ್ದರೆ ‘ಮೊದ್ಲ್ ಉಣ್ಣ್, ಕಡೀಗೆ ಓದ್ತೆ’ ಎಂದು ಕಾಗದವನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಇದು ಯಾವ ಉದ್ಯೋಗದ ಪಟ್ಟಿಯಲ್ಲಿ ಬರುತ್ತದೆಂದು ನಾನು ಹೇಳಲಾರೆ. ಆದರೆ ‘ಇಲ್ಲ’ ಎಂಬ ಪದದಡಿಯಲ್ಲಿ ಖಂಡಿತ ಬರುವುದಿಲ್ಲ.

ನಾನು ಈ ಖಾನಾವಳಿಯ ಬಗ್ಗೆ ಕಚೇರಿಯಲ್ಲಿ ಎಂದೂ ಬಾಯಿ ಬಿಡಲಿಲ್ಲ. ಯಾರಾದರೂ ಮನೆಗೆ ಬಂದು ಹುಡುಗರನ್ನು ಕಂಡರೆ ‘ನೆಂಟರ ಮಕ್ಕಳು’ ಎನ್ನುತ್ತಿದ್ದೆ. ಗುಮಾಸ್ತನ ಹೆಂಡತಿ ಅನ್ನ ಮಾರುತ್ತಾಳೆ ಎನ್ನಿಸಿಕೊಳ್ಳಲು ನನಗೆ ನಾಚಿಕೆ. 1979ರಲ್ಲಿ ನನಗೆ ಕ್ಷಯ ತಗುಲಿ ಐದು ತಿಂಗಳು ಸಂಬಳವಿಲ್ಲದೆ ಮಲಗಿದೆ. ಆ ಐದು ತಿಂಗಳ ಬಾಡಿಗೆ, ಮಾತ್ರೆ, ನನಗೆಂದು ತರುತ್ತಿದ್ದ ಹಾಲು ಮೊಟ್ಟೆ, ಊರಿನ ಅಮ್ಮನಿಗೆ ತಪ್ಪದೆ ಹೋದ ಮನಿಆರ್ಡರ್, ಎಲ್ಲವೂ ಆ ಅನ್ನದ ದುಡ್ಡಿನಿಂದಲೇ ನಡೆದವು. ಹುಡುಗರಿಗೆ ರೋಗ ತಗಲಬಾರದೆಂದು ಅವಳು ನನ್ನನ್ನು ಸೀರೆಯ ಪರದೆಯ ಹಿಂದೆ ಮಲಗಿಸಿ, ಅವರಿಗೆ ಹೊರಗಿನ ಗ್ಯಾಲರಿಯಲ್ಲಿ ಎಲೆ ಹಾಕಿದಳು. ಪರದೆಯ ಹಿಂದೆ ಮಲಗಿ ನಾನು ಅವರು ಉಣ್ಣುವ ಸದ್ದು ಕೇಳುತ್ತಿದ್ದೆ. ಮನೆಯ ಯಜಮಾನ ಯಾರೆಂಬ ಪ್ರಶ್ನೆಗೆ ಆ ದಿನಗಳಲ್ಲಿ ತಮ್ಮ ಗಣತಿದಾರರು ಬಂದಿದ್ದರೂ ನಾನು ನನ್ನ ಹೆಸರನ್ನೇ ಹೇಳುತ್ತಿದ್ದೆ.

ಇಲ್ಲಿ ಅವಳ ಕ್ಯಾಲೆಂಡರುಗಳ ಬಗ್ಗೆ ಹೇಳಬೇಕು. ಪಕ್ಕದ ಖೋಲಿಯ ಗಿರಣಿ ಕಾರ್ಮಿಕನ ಹೆಂಡತಿ 1976ರಲ್ಲಿ ಅವಳಿಗೆ ಮರಾಠಿಯ ‘ಕಾಲನಿರ್ಣಯ’ ಕ್ಯಾಲೆಂಡರೊಂದನ್ನು ಕೊಟ್ಟಳು. ಅದರ ಹಿಂಬದಿಯ ಅಡುಗೆ ಬರಹಗಳನ್ನು ಓದಿ ಓದಿ ಅವಳು ಮರಾಠಿ ಕಲಿತಳು. ಮುಂದೆ ಪ್ರತಿವರ್ಷವೂ ಒಂದು ಕ್ಯಾಲೆಂಡರು ಅಡುಗೆಯ ಮೂಲೆಯ ಮೊಳೆಯಲ್ಲಿ ತೂಗುತ್ತಿತ್ತು, ದಾರ ಕಟ್ಟಿದ ಪೆನ್ಸಿಲ್ ಅದರ ಜೊತೆಗೆ. ಪ್ರತಿ ತಾರೀಕಿನ ಚೌಕದ ಮೇಲಿನ ಮೂಲೆಯಲ್ಲಿ ಹಾಲಿನ ಲೆಕ್ಕ. ಕೆಳಗಿನ ಮೂಲೆಯಲ್ಲಿ ಆ ದಿನ ಉಂಡವರ ಸಂಖ್ಯೆ. ಸೀಮೆಎಣ್ಣೆ, ಆಮೇಲೆ ಸಿಲಿಂಡರ್ ಬಂದ ದಿನಕ್ಕೆ ಒಂದು ಸುತ್ತು. ವರ್ಷ ಮುಗಿದಾಗ ಅದನ್ನು ಸುರುಳಿ ಸುತ್ತಿ ಹಳೆಯ ಟ್ರಂಕಿನಲ್ಲಿ ಇಡುವಳು. ಏಕೆಂದು ನಾನು ಕೇಳಿರಲಿಲ್ಲ. ಅವಳು ಹೋದ ಮೇಲೆ ಟ್ರಂಕು ತೆರೆದಾಗ 43 ಸುರುಳಿಗಳು ಸಿಕ್ಕವು.

1982ರ ಕ್ಯಾಲೆಂಡರು ನನ್ನ ಮುಂದಿದೆ. ಆ ವರ್ಷದ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮೊದಲ ತಿಂಗಳು ಚಾಳಿನಲ್ಲಿ ಒಂದು ಬಗೆಯ ಹುರುಪಿತ್ತು. ಮಳೆಗಾಲದ ಹೊತ್ತಿಗೆ ಹೆಂಗಸರ ಕತ್ತಿನಲ್ಲಿ ಕರಿಮಣಿಯ ದಾರ ಉಳಿದಿತ್ತು, ಬಂಗಾರ ಇರಲಿಲ್ಲ. ಚೌಕಗಳಲ್ಲಿ ಫೆಬ್ರುವರಿಯವರೆಗೆ 11 ಎಂದಿರುವುದು ಜೂನಿನಲ್ಲಿ 14 ಆಗುತ್ತದೆ, ಆಗಸ್ಟಿನಲ್ಲಿ 16. ಹಣ ಕೊಡುವವರು ಮೊದಲಿನಷ್ಟೇ ಏಳು ಮಂದಿ. ಹೆಚ್ಚಾದವರು ಪಕ್ಕದ ಖೋಲಿಯ ಮೂವರು ಮಕ್ಕಳು, ಎದುರಿನ ಖೋಲಿಯ ಇಬ್ಬರು. ಸಾರಿಗೆ ನೀರು ಬೆರೆಸುತ್ತಿದ್ದಳು, ಕಾಯಿ ಕಡಿಮೆ ಹಾಕುತ್ತಿದ್ದಳು. ಹುಡುಗರಲ್ಲಿ ಒಬ್ಬ ಸಾರು ತೆಳುವಾಗಿದೆ ಎಂದಾಗ ಅವಳು ಗ್ಯಾಲರಿಯಲ್ಲಿ ಕೂತ ಮಕ್ಕಳ ಕಡೆ ತೋರಿಸಿದಳು, ಅಷ್ಟೆ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಮುಷ್ಕರ ಮುರಿದ ಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಮೂವರು ಮಕ್ಕಳಲ್ಲಿ ಹಿರಿಯವನು ಈಗ 50 ದಾಟಿದವನು, ಅವಳ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬ.

ಇಂಥವಳು ಅವಳೊಬ್ಬಳೇ ಎಂದು ನಾನು ಹೇಳುವುದಿಲ್ಲ. ಮುಂಬಯಿಯ ಗಿರಣಿಗಳ ಪ್ರದೇಶವಾದ ಗಿರಣಗಾಂವಿನ ಕಾರ್ಮಿಕರಿಗೆ ಅನ್ನ ಬೇಯಿಸಿ ಹಾಕುತ್ತಿದ್ದ ಹೆಂಗಸರು ಸಾವಿರಾರು. 1975ರಲ್ಲಿ ಪ್ರೇಮಾ ಪುರವ ಅವರು ಅಂಥವರನ್ನೇ ಒಟ್ಟುಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ, ಬ್ಯಾಂಕಿನ ಸಾಲ ಕೊಡಿಸಿ, ಬಡ್ಡಿಯವರ ಹಿಡಿತದಿಂದ ಬಿಡಿಸಿದರು. ನನ್ನ ಹೆಂಡತಿ ಮಂಡಳಕ್ಕೆ ಸೇರಬೇಕೆಂದು ಎರಡು ಸಲ ಕೇಳಿದಳು. ನಾನು ಬೇಡವೆಂದೆ. ಕಾರಣ ಮೇಲೆ ಹೇಳಿದ ನಾಚಿಕೆಯೇ. ಸೇರಿದ್ದರೆ ಒಂದು ಪುಸ್ತಕದಲ್ಲಾದರೂ ಅವಳ ಹೆಸರಿನ ಮುಂದೆ ಅವಳ ಕೆಲಸ ಬರೆಯಲ್ಪಟ್ಟಿರುತ್ತಿತ್ತು.

ಮಂಡಳದ ಬದಲು ಅವಳು ಚಾಳಿನ ಹತ್ತು ಹೆಂಗಸರೊಂದಿಗೆ ಭಿಶಿ ಹಾಕಿದಳು. ಪ್ರತಿ ತಿಂಗಳೂ ಎಲ್ಲರೂ ದುಡ್ಡು ಹಾಕಿ, ಚೀಟಿ ಎತ್ತಿ, ಒಬ್ಬರಿಗೆ ಇಡೀ ಮೊತ್ತ ಕೊಡುವ ಪದ್ಧತಿ. ಮಗಳು ಹನ್ನೆರಡನೆಯ ತರಗತಿ ಮುಗಿಸಿದಾಗ, ಇನ್ನು ಸಾಕು, ಊರಲ್ಲಿ ಗಂಡು ನೋಡೋಣ ಎಂದು ನಾನು ತೀರ್ಮಾನ ಮಾಡಿದ್ದೆ. ನನ್ನ ಹೆಂಡತಿ ವಾದ ಮಾಡಲಿಲ್ಲ. ಭಿಶಿಯ ಹೆಂಗಸರಲ್ಲಿ ಮಾತಾಡಿ ಜೂನ್ ತಿಂಗಳ ಸರದಿಯನ್ನು ನಾಲ್ಕು ವರ್ಷ ತನಗೇ ಬಿಟ್ಟುಕೊಡುವಂತೆ ಒಪ್ಪಿಸಿದ್ದಳು, ಏಕೆಂದರೆ ಕಾಲೇಜಿನ ಫೀ ಜೂನಿನಲ್ಲಿ. ಚೀಟಿ ಎತ್ತದೆ ನಾಲ್ಕು ವರ್ಷ ಒಬ್ಬಳಿಗೇ ಜೂನ್ ಬಿಟ್ಟುಕೊಟ್ಟ ಆ ಮರಾಠಿ ಹೆಂಗಸರಿಗೆ ನಾನು ಇಂದಿಗೂ ಋಣಿ. ಮಗಳು ಪದವಿ, ಬಿ.ಎಡ್. ಎರಡನ್ನೂ ಮುಗಿಸಿ ಠಾಣೆಯ ಶಾಲೆಯೊಂದರಲ್ಲಿ ಶಿಕ್ಷಕಿಯಾದಳು. ಅವಳ ಉದ್ಯೋಗದ ಕಾಲಂ ಯಾವ ನಮೂನೆಯಲ್ಲೂ ಖಾಲಿ ಉಳಿಯುವುದಿಲ್ಲ.

1991ರಲ್ಲಿ ನಾವು ಡೊಂಬಿವಲಿಯಲ್ಲಿ ನೆಲ ಅಂತಸ್ತಿನ ಎರಡು ಕೋಣೆಯ ಮನೆ ಮಾಡಿಕೊಂಡೆವು. ಖಾನಾವಳಿ ನಿಂತಿತೆಂದು ನಾನು ಅಂದುಕೊಂಡೆ. ಆದರೆ ಹೊಸ ಹುಡುಗರು ಇಬ್ಬರು ಮೂವರು ಯಾವಾಗಲೂ ಇದ್ದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ರಾತ್ರಿ ನಾನು ಹಳಿಯ ಮೇಲೆ ನಡೆಯುತ್ತ ಎಲ್ಲೋ ಸಿಕ್ಕಿಕೊಂಡಿದ್ದೆ. ನಮ್ಮ ಮನೆಗೆ ಮೊಣಕಾಲುದ್ದ ನೀರು ನುಗ್ಗಿತು. ಅವಳು ಅಕ್ಕಿಯ ಡಬ್ಬಿ, ಸ್ಟವ್ ಮತ್ತು ಕ್ಯಾಲೆಂಡರಿನೊಂದಿಗೆ ಎರಡನೆಯ ಮಾಳಿಗೆಯ ಮೆಟ್ಟಿಲಿನ ಬಳಿ ಒಲೆ ಹೂಡಿದಳು. ಟ್ರಂಕಿನ ಕೆಳಗಿನ ಸುರುಳಿಗಳು ಆ ದಿನ ನೀರುಪಾಲಾದವು. ಆದರೆ ಆ ದಿನದ ಚೌಕ ಉಳಿದಿದೆ. ಅದರಲ್ಲಿ ಹಾಲಿನ ಜಾಗದಲ್ಲಿ ಸೊನ್ನೆ, ಉಂಡವರ ಜಾಗದಲ್ಲಿ 23.

ಮೊಮ್ಮಕ್ಕಳು ಹುಟ್ಟಿದ ಮೇಲೆ ಅವಳ ದಿನ ಇನ್ನೊಂದು ಸಲ ಮೊದಲಿನಿಂದ ಶುರುವಾಯಿತು. ಮಗಳು ಆರೂವರೆಗೆ ಶಾಲೆಗೆ ಹೊರಡಬೇಕಾದ್ದರಿಂದ ಅವರು ನಮ್ಮ ಕಟ್ಟಡದಲ್ಲಿಯೇ ಮನೆ ಮಾಡಿದರು, ಮೊಮ್ಮಗಳು ಮೂರು ತಿಂಗಳ ಕೂಸಾಗಿದ್ದಾಗಿನಿಂದ ಅವಳ ಕೈಯಲ್ಲಿಯೇ ಬೆಳೆದಳು. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು, ಗಂಜಿ ಅರೆಯುವುದು, ಶಾಲೆಯ ಬಸ್ಸಿಗೆ ಬಿಡುವುದು, ತರುವುದು. ಇಂಗ್ಲಿಷ್ ಶಾಲೆಗೆ ಹೋಗುವ ಆ ಹುಡುಗಿಗೆ ಮರಳಿನ ತಟ್ಟೆಯಲ್ಲಿ ಅ ಆ ತಿದ್ದಿಸಿದಳು. ಅಂಕಿಗಳನ್ನು ಕಲಿಸಿದ್ದು ಕ್ಯಾಲೆಂಡರಿನ ಮೇಲೆ. ‘ಇವತ್ತ್ ಉಂಡರ್ ಎಷ್ಟ್ ಜನ, ಎಣ್ಸ್ ಕಾಂಬ’ ಎಂದು ಅವಳು ಕೇಳುವಳು. ಮಗು ಮನೆಯವರನ್ನು, ಹುಡುಗರನ್ನು, ಕಟ್ಟಡದ ಕಾವಲುಗಾರನನ್ನು ಬೆರಳು ಮಡಚಿ ಎಣಿಸಿ, ಎತ್ತಿ ಹಿಡಿದಾಗ ಪೆನ್ಸಿಲಿನಿಂದ ಚೌಕದಲ್ಲಿ ಬರೆಯುವುದು. 2009ರ ನಂತರದ ಎಷ್ಟೋ ಚೌಕಗಳಲ್ಲಿ ಅಂಕಿಗಳು ತಿರುಗುಮುರುಗಾಗಿವೆ.

ಈಗ ನನಗೆ ಬಹಳ ಕಷ್ಟವಾಗುವ ಭಾಗಕ್ಕೆ ಬರುತ್ತೇನೆ. 2011ರ ಫೆಬ್ರುವರಿಯಲ್ಲಿ ಗಣತಿಗೆಂದು ಒಬ್ಬ ಶಿಕ್ಷಕಿ ನಮ್ಮ ಮನೆಗೆ ಬಂದರು. ಬಾಗಿಲು ತೆಗೆದವನು ನಾನು, ಉತ್ತರ ಕೊಟ್ಟವನೂ ನಾನು. ಹಿಂದಿನ ವರ್ಷದಲ್ಲಿ ಯಾವಾಗಲಾದರೂ ದುಡಿದಿದ್ದಾರೆಯೇ ಎಂದು ನನ್ನ ಹೆಂಡತಿಯ ಬಗ್ಗೆ ಅವರು ಕೇಳಿದಾಗ ನಾನು, ‘ಇಲ್ಲ, ಏನೂ ಮಾಡುವುದಿಲ್ಲ, ಮನೆಯಲ್ಲಿಯೇ ಇರುತ್ತಾಳೆ’ ಎಂದೆ. ಆಗ ಇಬ್ಬರು ಹುಡುಗರು ದುಡ್ಡು ಕೊಟ್ಟು ನಮ್ಮಲ್ಲಿ ಉಣ್ಣುತ್ತಿದ್ದರು. ಅಂದರೆ ತಮ್ಮ ನಿಯಮದ ಪ್ರಕಾರವೂ ಅವಳು ದುಡಿಯುವವಳೇ ಆಗಿದ್ದಳು. ಶಿಕ್ಷಕಿ ಬರೆದುಕೊಂಡರು. ಅಷ್ಟರಲ್ಲಿ ಅವಳು ಒಳಗಿನಿಂದ ಅವರಿಗೆ ಚಹಾ, ಎರಡು ಚಕ್ಕುಲಿ ತಂದಿಟ್ಟಳು. ರಾತ್ರಿ ದೀಪ ಆರಿಸಿದ ಮೇಲೆ, ಬಹಳ ಹೊತ್ತಿನ ನಂತರ, ‘ಹ್ವಾಯ್, ನಾನ್ ಎಂತದೂ ಮಾಡುದಿಲ್ಲ ಅಂದೇಳಿ ಬರ್ಸಿದ್ರ್ಯಾ?’ ಎಂದಳು. ನಾನು ನಿದ್ದೆ ಬಂದವನಂತೆ ಮಲಗಿದ್ದೆ. ಅವಳು ಮತ್ತೆ ಕೇಳಲಿಲ್ಲ. 14 ವರ್ಷ ಕಳೆದರೂ ಕೇಳಲಿಲ್ಲ. ನೋಂದಣಿ ಕಚೇರಿಯಲ್ಲಿ ನಾನು ಎರಡನೆಯ ಸಲ ಅದೇ ಉತ್ತರವನ್ನು, ಈ ಸಲ ನನ್ನ ಕೈಯಾರೆ, ಬರೆದುಕೊಟ್ಟು ಬಂದೆ.

ನನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದು ನನ್ನ ಉದ್ದೇಶವಲ್ಲ. ಆದರೆ ಹಾಗೆ ಉತ್ತರಿಸುವುದನ್ನು ನಮೂನೆಗಳೂ ನಮಗೆ ಕಲಿಸಿವೆ. 2011ರ ಗಣತಿಯಲ್ಲಿ ದುಡಿಯದವರ ಕಾಲಂನಲ್ಲಿ ವಿದ್ಯಾರ್ಥಿ, ತಮ್ಮ ಮನೆಯ ಕೆಲಸ ಮಾಡುವವರು, ಅವಲಂಬಿತರು, ಪಿಂಚಣಿದಾರರು, ಬಾಡಿಗೆ ಬಡ್ಡಿಯಲ್ಲಿ ಬದುಕುವವರು, ಭಿಕ್ಷುಕರು ಎಂಬ ವಿಂಗಡಣೆಯಿತ್ತು. ಅದಕ್ಕೆ ಮೊದಲೇ, 2010ರ ಜುಲೈನಲ್ಲಿ, ಅಪಘಾತದಲ್ಲಿ ಸತ್ತ ಗೃಹಿಣಿಯೊಬ್ಬರ ಪರಿಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಅವರು 2001ರ ಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳೊಂದಿಗೆ ಒಂದೇ ಗುಂಪಿಗೆ ಸೇರಿಸಿದ್ದನ್ನು ಕಟುವಾಗಿ ಆಕ್ಷೇಪಿಸಿದ್ದರು. 2021ರ ಜನವರಿಯಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿ ಎನ್.ವಿ. ರಮಣ ಅವರು, 2011ರ ಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು ಹೇಳಿದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷದೊಳಗೆ ಎಂಬುದನ್ನು ಎತ್ತಿ ಹೇಳಿ, ಆ ಕೆಲಸಕ್ಕೆ ಬೆಲೆ ಕಟ್ಟಬೇಕೆಂದರು. ಆ 16 ಕೋಟಿಯಲ್ಲಿ ನನ್ನ ಹೆಂಡತಿಯೂ ಒಬ್ಬಳು, ನನ್ನ ಬಾಯಿಯಿಂದ ಸೇರಿದವಳು.

ಸರಕಾರಕ್ಕೆ ಇದನ್ನು ಅಳೆಯಲು ಬರುವುದಿಲ್ಲ ಎನ್ನುವಂತೆಯೂ ಇಲ್ಲ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂದು ಸರಕಾರವೇ ಎಣಿಸಿ ಹೇಳಿದೆ. 2024ರಲ್ಲಿ ಅದು 289 ಮತ್ತು 88. ನನ್ನ ಪಾಲಿನ ನಿಮಿಷಗಳು ಆ 97ರ ಹತ್ತಿರಕ್ಕೂ ಬರುತ್ತಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅವಳ ದಿನ ಮೂರೂವರೆಗೆ ಶುರುವಾಗಿ ಹನ್ನೊಂದೂವರೆಗೆ ಮುಗಿಯುತ್ತಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ಮರಣದ ನಮೂನೆಯಲ್ಲಿ ಅಡಿಕೆ ಅಗಿದ ವರ್ಷಗಳನ್ನು ಕೇಳುವುದಕ್ಕೆ ವೈದ್ಯಕೀಯ ಕಾರಣವಿದೆ ಎಂಬುದನ್ನು ನಾನು ಬಲ್ಲೆ; ಅದು ಇರಲಿ. ಅದರ ಜೊತೆಗೆ, ಮೃತರು ಮನೆಗೆಲಸ, ಆರೈಕೆ, ಅಡುಗೆ ಇವುಗಳಲ್ಲಿ ಎಷ್ಟು ವರ್ಷ ದುಡಿದರೆಂಬ ಒಂದು ಸಾಲು ಇರಲಿ, ಮತ್ತು ‘ಇಲ್ಲ’ ಎಂದು ಬರೆಯಿಸುವ ಆ ಸೂಚನೆ ಹೋಗಲಿ. 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ನಡೆಯುವ ಗಣತಿಯಲ್ಲಿ ಮನೆಯಲ್ಲಿ ದುಡಿಯುವವರನ್ನು ದುಡಿಯದವರ ಪಟ್ಟಿಯಿಂದ ಹೊರತರಬೇಕು. ಇದು ದೊಡ್ಡ ಬದಲಾವಣೆ, ತಜ್ಞರು ಯೋಚಿಸಬೇಕಾದದ್ದು ಎಂದಾದರೆ, ಖರ್ಚಿಲ್ಲದ ಒಂದು ಚಿಕ್ಕ ಕೆಲಸವನ್ನಾದರೂ ಮಾಡಬಹುದು. ಹೆಂಗಸಿನ ಕೆಲಸದ ಪ್ರಶ್ನೆಯನ್ನು ಬಾಗಿಲು ತೆಗೆದ ಗಂಡಸಿಗೆ ಕೇಳದೆ, ಅವಳನ್ನೇ ಕರೆದು ಕೇಳಬೇಕೆಂದು ಗಣತಿದಾರರಿಗೆ ಸ್ಪಷ್ಟವಾಗಿ ಹೇಳಿಕೊಡಿ. ಚಹಾ ತರಲು ಒಳಗೆ ಹೋಗಿದ್ದರೆ ಅವಳು ಬರುವವರೆಗೆ ಕಾಯಲಿ.

ಮುಂಬಯಿಯ ನನ್ನ ಕನ್ನಡದ ಗಂಡಸರಲ್ಲಿಯೂ ಒಂದು ಮಾತು. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಹೋಟೆಲು ಕಟ್ಟಿದವರ, ಶಾಲೆ ಕಟ್ಟಿದವರ ಚಿತ್ರಗಳಿರುತ್ತವೆ. ಅವರೆಲ್ಲ ಗೌರವಕ್ಕೆ ಅರ್ಹರು. ಆದರೆ ನಮ್ಮಲ್ಲಿ ಅನೇಕರು ಮೊದಲ ಐದು ವರ್ಷ ಯಾವುದೋ ಚಾಳಿನ ಯಾವುದೋ ಅಕ್ಕನ ಕೈಯ ಅನ್ನ ಉಂಡವರು, ಎಷ್ಟೋ ಜನ ಕೊನೆಯ ತಿಂಗಳ ಬಾಕಿ ಕೊಡದೆ ಹೋದವರು. 1983ರ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಥ ಬಾಕಿಯ ಪಟ್ಟಿಯೊಂದಿದೆ. ಹೆಸರುಗಳ ಮುಂದೆ ಮೊತ್ತ ಬರೆದು, ಆಮೇಲೆ ಅವಳೇ ಗೀಟು ಎಳೆದಿದ್ದಾಳೆ. ಕೊಟ್ಟರೆಂದಲ್ಲ, ಕೊಟ್ಟವರ ಹೆಸರಿಗೆ ಅವಳು ಸರಿ ಗುರುತು ಹಾಕುತ್ತಿದ್ದಳು. ಆ ಹೆಸರುಗಳನ್ನು ನಾನು ಯಾರಿಗೂ ತೋರಿಸುವುದಿಲ್ಲ. ಆ ಅಕ್ಕ ಬದುಕಿದ್ದರೆ ಒಮ್ಮೆ ಹೋಗಿ ನೋಡಿ ಬನ್ನಿ. ಇಲ್ಲವಾದರೆ ಅವಳ ಬಗ್ಗೆ ನಾಲ್ಕು ಸಾಲು ಬರೆದಿಡಿ.

ಈಗ ಕಾಲೇಜಿಗೆ ಹೋಗುವ ಮೊಮ್ಮಗಳು ಪ್ರತಿ ಭಾನುವಾರ ಬಂದು ಒಂದೊಂದು ಸುರುಳಿ ಬಿಚ್ಚುತ್ತಾಳೆ. ಅವಳು ಚೌಕದ ಅಂಕಿ ಓದುತ್ತಾಳೆ, ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೂಡುತ್ತೇನೆ. ಇಲ್ಲಿಯವರೆಗೆ 1984ರ ಮಾರ್ಚ್ ಮುಗಿದಿದೆ. ಮೊತ್ತ ಎಷ್ಟಾಯಿತೆಂದು ಈಗ ಹೇಳುವುದಿಲ್ಲ, ಪೂರ್ತಿಯಾದ ಮೇಲೆ ತಮಗೆ ಕಳುಹಿಸುತ್ತೇನೆ. ಕೊನೆಯ ಕ್ಯಾಲೆಂಡರನ್ನು ಮಾತ್ರ ಮೊದಲ ದಿನವೇ ನೋಡಿದೆವು. ಅವಳು ತೀರಿಕೊಂಡ ಹಿಂದಿನ ದಿನದ ಚೌಕದಲ್ಲಿ ಹಾಲು 1, ಉಂಡವರು 4 ಎಂದಿದೆ. ನಾನು, ಅವಳು, ಮೊಮ್ಮಗಳು, ಮತ್ತು ಮಳೆಯೆಂದು ಜಗಲಿಯಲ್ಲಿ ನಿಂತಿದ್ದ ಪಾರ್ಸೆಲ್ ತರುವ ಹುಡುಗ.

1969ರ ಕಾಯ್ದೆಯ 15ನೆಯ ಕಲಮು ತಪ್ಪಾದ ನಮೂದನ್ನು ತಿದ್ದುವ ಅವಕಾಶ ಕೊಡುತ್ತದೆ. ಅದನ್ನು ನೆನೆದು, ಮೃತರ ಉದ್ಯೋಗದ ಮುಂದೆ ನಾನು ಬರೆದ ಪದವನ್ನು ತೆಗೆದು ‘ಅಡುಗೆ ಮತ್ತು ಆರೈಕೆ, 51 ವರ್ಷ’ ಎಂದು ಬರೆಯಬೇಕೆಂದು ಅರ್ಜಿ ಸಿದ್ಧಪಡಿಸಿದ್ದೇನೆ. ಆಧಾರವಾಗಿ ದಾಖಲೆ ಕೇಳಿದರೆ ಕೊಡಲು 43 ಕ್ಯಾಲೆಂಡರುಗಳಿವೆ. ಅವನ್ನು ನಾನೇ ಹೊತ್ತು ತರುತ್ತೇನೆ.

ಇತಿ,
ಅವಳ ಗಂಡ,
ಡೊಂಬಿವಲಿ